ಧೂಮಕೇತುವನ್ನು ಗುರುತಿಸಿದ ವೈನು ಬಪ್ಪು

ಬಾಲಚುಕ್ಕಿ ಮೂಡಿದರೆ ಅರಸನಿಗೆ ಕೇಡು, ನಾಡಿಗೆ ಬರ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದುದು. ಆದರೆ ಅದೇ ಬಾಲಚುಕ್ಕಿಯು ಒಬ್ಬ ಭಾರತೀಯ ತರುಣನಿಗೆ ಕೀರ್ತಿಯನ್ನು ತಂದಿತು. ಅವರೇ ಮನಾಲಿ ಕಲ್ಲಟ್ ವೈನು ಬಪ್ಪು.

1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದ ಇವರು ಬೆಳೆದುದು ಹೈದರಾಬಾದಿನಲ್ಲಿ. ತಂದೆಯವರು ಅಲ್ಲಿಯ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಹೀಗಾಗಿ ಮಗನಿಗೆ ಆಕಾಶವೇ ಆಟದ ಬಯಲಾಯಿತು. ನಿಜಾಂ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, ಹೊಳಪು ಏರಿಳಿಯುವ ನಕ್ಷತ್ರಗಳನ್ನು ಹವ್ಯಾಸಿಯಾಗಿ ಗಮನಿಸಿ ಲೇಖನಗಳನ್ನು ಪ್ರಕಟಿಸಿದರು.

1949ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್ ಸೇರಿದರು. ಆ ವರ್ಷದ ಜುಲೈನಲ್ಲಿ, ತಾವು ತೆಗೆದ ಛಾಯಾಫಲಕವೊಂದನ್ನು ಪರೀಕ್ಷಿಸುತ್ತಿರುವಾಗ ನಕ್ಷತ್ರಗಳ ನಡುವೆ ಒಂದು ಅಪರಿಚಿತ ಗುರುತನ್ನು ಕಂಡರು. ಇಂತಹಲ್ಲಿ ಕಣ್ಣು ಮೋಸಹೋಗುವುದು ಸುಲಭ. ದೂರದ ನಕ್ಷತ್ರಗುಚ್ಛವೂ ಧೂಮಕೇತುವಿನಂತೆಯೇ ಮಸುಕಾಗಿ ತೋರುತ್ತದೆ. ಈ ಗೊಂದಲವನ್ನು ಕಳೆಯಲೆಂದೇ ಫ್ರಾನ್ಸಿನ ಮೆಸಿಯೆ 1781ರಲ್ಲಿ ಅಂತಹ ನೂರಕ್ಕೂ ಮಿಕ್ಕ ಕಾಯಗಳ ಪಟ್ಟಿಯನ್ನು ಪ್ರಕಟಿಸಿದ್ದನು. ಗುಚ್ಛವು ಇದ್ದಲ್ಲಿಯೇ ಇರುತ್ತದೆ. ಧೂಮಕೇತುವು ದಿನದಿನಕ್ಕೆ ಸರಿಯುತ್ತದೆ. ಬಾರ್ಟ್ ಬೋಕ್ ಹಾಗೂ ಗಾರ್ಡನ್ ನ್ಯೂಕರ್ಕ್ ಅವರ ನೆರವಿನಿಂದ ಅದು ಹೊಸ ಧೂಮಕೇತುವೆಂದು ಖಚಿತವಾಗಿ, ಮೂವರ ಹೆಸರೂ ಅದಕ್ಕೆ ಸಂದಿತು. ಬಪ್ಪು ಅವರಿಗೆ ಡೊನೊಹೊ ಪದಕ ದೊರೆಯಿತು.

ನಕ್ಷತ್ರದ ವರ್ಣಪಟಲದಿಂದ ಅದರ ನಿಜವಾದ ಹೊಳಪನ್ನು ತಿಳಿಯುವ ಬಗೆಯನ್ನು ಓಲಿನ್ ವಿಲ್ಸನ್‌ರೊಡನೆ ಕಂಡುಹಿಡಿದರು. ಅದು 1957ರಲ್ಲಿ ಪ್ರಕಟವಾಯಿತು. ಇಷ್ಟು ಹೆಸರು ಗಳಿಸಿಯೂ ಅವರು ಪರದೇಶದಲ್ಲಿ ನಿಲ್ಲಲಿಲ್ಲ. ತಾಯ್ನಾಡಿಗೆ ಮರಳಿ ನೈನಿತಾಲಿನಲ್ಲಿ ದುಡಿದರು; 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ಹೊಣೆ ಹೊತ್ತರು; ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯವನ್ನು ಕಟ್ಟಿದರು. 1971ರಲ್ಲಿ ಇವರ ನೇತೃತ್ವದಲ್ಲಿ ರೂಪುಗೊಂಡ ಭಾರತೀಯ ಖಭೌತ ಸಂಸ್ಥೆಗೆ ನಮ್ಮ ಬೆಂಗಳೂರೇ ನೆಲೆ.

2.34 ಮೀಟರ್ ಕನ್ನಡಿಯ ದೊಡ್ಡ ದೂರದರ್ಶಕವೊಂದನ್ನು ನಮ್ಮವರೇ ನಿರ್ಮಿಸಬೇಕೆಂಬುದು ಅವರ ಹಂಬಲ. ಅದಕ್ಕಾಗಿ ವರ್ಷಗಟ್ಟಲೆ ಶ್ರಮಿಸಿದರು. ಆದರೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದಾಗಲೇ, 1982ರ ಆಗಸ್ಟ್ 19ರಂದು, ಜರ್ಮನಿಯ ಮ್ಯೂನಿಕ್‌ನಲ್ಲಿ ಕಣ್ಮುಚ್ಚಿದರು. 1986ರಲ್ಲಿ ಉದ್ಘಾಟನೆಗೊಂಡ ಆ ದೂರದರ್ಶಕಕ್ಕೆ ಅವರ ಹೆಸರನ್ನೇ ಇಟ್ಟರು. ಬಿತ್ತಿದವರು ಫಲವನ್ನು ಕಾಣಲಿಲ್ಲ, ಉಣ್ಣುವವರು ನಾವು.

ಪಾಂಡವಪುರದ ಕುಂತಿಬೆಟ್ಟದ ಮೇಲಾಗಲಿ, ನಾಗಮಂಗಲದ ಹೊಲದ ಬದುವಿನಲ್ಲಾಗಲಿ ಚಳಿಗಾಲದ ಕತ್ತಲೆಯಲ್ಲಿ ನಿಂತರೆ ಕೃತ್ತಿಕೆಯ ಗೊಂಚಲು ಬರಿಗಣ್ಣಿಗೇ ಕಾಣುತ್ತದೆ. ಮೊದಲ ಪಾಠಕ್ಕೆ ಅಷ್ಟೇ ಸಾಕು. ಉಳಿದುದು ನಿತ್ಯವೂ ನೋಡುವ ಅಭ್ಯಾಸ, ಕಂಡುದನ್ನು ತಪ್ಪದೆ ಬರೆದಿಡುವ ಶ್ರದ್ಧೆ. ಬಪ್ಪು ಅವರೂ ವಿದ್ಯಾರ್ಥಿ ದೆಸೆಯಲ್ಲಿ ಹಾಗೆಯೇ ತೊಡಗಿದವರು.