ಬಾಲಾನಂದದ ಅಣ್ಣಯ್ಯ: ನ್ಯಾಯಪತಿ ರಾಘವರಾವ್

ಹೈದರಾಬಾದು ಸಂಸ್ಥಾನದಲ್ಲಿ ತಾಯ್ನುಡಿಯ ವಿದ್ಯೆಗೆ ಶಾಲೆಯ ಗಂಟೆಗಳೊಳಗೆ ಬಹುಕಾಲ ತಕ್ಕ ಸ್ಥಾನವಿರಲಿಲ್ಲ. ತೆಲುಗು, ಮರಾಠಿ, ಕನ್ನಡಗಳನ್ನಾಡುವವರೇ ಪ್ರಜೆಗಳಲ್ಲಿ ಬಹುಸಂಖ್ಯಾತರಾಗಿದ್ದರೂ ಆಡಳಿತದ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ನೀಡಿದ ಹಿರಿಮೆಗೆ ಪಾತ್ರವಾಯಿತಾದರೂ ಆ ಭಾಷೆ ಉರ್ದುವೇ ಆಗಿತ್ತು. ಹೀಗಾಗಿ ತೆಲುಗು ಮನೆಯ ಮಗುವಾಗಲಿ ಕನ್ನಡ ಮನೆಯ ಮಗುವಾಗಲಿ ತನ್ನ ನುಡಿಯ ಕಥೆ ಹಾಡುಗಳನ್ನು ಕಲಿಯಬೇಕಾದರೆ ಶಾಲೆ ಬಿಟ್ಟ ಮೇಲಿನ ಹೊತ್ತನ್ನೇ ಆಶ್ರಯಿಸಬೇಕಾಗಿತ್ತು.

ಈ ಪರಿಸ್ಥಿತಿಯಲ್ಲಿ ನಗರದ ಸುಲ್ತಾನ್ ಬಜಾರು ವಿಶೇಷ ಮಹತ್ತ್ವವನ್ನು ಪಡೆಯಿತು. ಬ್ರಿಟಿಷ್ ರೆಸಿಡೆನ್ಸಿಯ ಮಗ್ಗುಲಲ್ಲಿ ಬೆಳೆದು ರೆಸಿಡೆನ್ಸಿ ಬಜಾರೆಂದು ಹೆಸರಾಗಿದ್ದ ಈ ಪ್ರದೇಶ 1933ರಲ್ಲಿ ನಿಜಾಮರ ಆಡಳಿತಕ್ಕೆ ಮರಳಿದಾಗ ಸುಲ್ತಾನ್ ಬಜಾರೆನಿಸಿತು. ಅದಕ್ಕೂ ಮೊದಲೇ, 1901ರಲ್ಲಿ, ತೆಲುಗು ಜನ ಇಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೆಂಬ ಗ್ರಂಥಾಲಯವನ್ನು ಸ್ಥಾಪಿಸಿದ್ದರು. ಕನ್ನಡದ ದೊರೆಯ ಹೆಸರನ್ನು ಹೊತ್ತ ಆ ತೆಲುಗು ಗ್ರಂಥಾಲಯ, ಸಮೀಪದಲ್ಲಿ ಮರಾಠಿಗರು ಕಟ್ಟಿದ ವಿವೇಕವರ್ಧಿನಿ ಪಾಠಶಾಲೆ, ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿಕೊಂಡ ನೃಪತುಂಗ ಶಾಲೆ ಇವೆಲ್ಲವೂ ಒಂದೇ ಹಸಿವಿಗೆ ದೊರೆತ ಬೇರೆ ಬೇರೆ ಉತ್ತರಗಳು. ಈ ನೆರೆಹೊರೆಗೆ 1956ರಲ್ಲಿ ಬಂದು, ಇಲ್ಲಿಂದ ಹೆಚ್ಚು ದೂರವಿಲ್ಲದ ನಾರಾಯಣಗುಡದಲ್ಲಿ ನೆಲೆಯೂರಿದ ಸಂಸ್ಥೆಯೊಂದು ಮಕ್ಕಳ ಬಿಡುವಿನ ಹೊತ್ತನ್ನೇ ತನ್ನ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡಿತು. ಅದೇ ಆಂಧ್ರ ಬಾಲಾನಂದ ಸಂಘ. ಅದನ್ನು ಕಟ್ಟಿದವರು ನ್ಯಾಯಪತಿ ರಾಘವರಾವ್ ಮತ್ತು ಅವರ ಪತ್ನಿ ಕಾಮೇಶ್ವರಿ. ತೆಲುಗು ನಾಡಿನ ಎರಡು ಮೂರು ತಲೆಮಾರುಗಳ ಮಕ್ಕಳಿಗೆ ಅವರು ರೇಡಿಯೊ ಅಣ್ಣಯ್ಯ, ರೇಡಿಯೊ ಅಕ್ಕಯ್ಯ.

ರಾಘವರಾಯರು 1905ರ ಏಪ್ರಿಲ್ 13ರಂದು ಗಂಜಾಂ ಜಿಲ್ಲೆಯ ಬರಂಪುರದಲ್ಲಿ ಜನಿಸಿದರು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಆ ಊರು 1936ರಲ್ಲಿ ಒರಿಸ್ಸಾ ಪ್ರಾಂತ್ಯ ರಚನೆಯಾದಾಗ ಅದರ ಪಾಲಾಯಿತು. ಒರಿಯಾ ಮತ್ತು ತೆಲುಗು ಕೂಡಿ ಬಾಳುವ ಗಡಿಯ ಪಟ್ಟಣವದು. ಗಡಿಯ ಊರುಗಳಲ್ಲಿ ಭಾಷೆ ತಾನಾಗಿಯೇ ಉಳಿಯುವ ವಸ್ತುವಲ್ಲ. ಮನೆಯಲ್ಲಿ, ಹಬ್ಬದಲ್ಲಿ, ಆಟದಲ್ಲಿ ಬಳಕೆಯಾದಷ್ಟು ಮಾತ್ರ ಉಳಿಯುವಂಥದು. ಕಾಸರಗೋಡು, ಅದವಾನಿ, ಸೊಲ್ಲಾಪುರಗಳ ಕನ್ನಡಿಗರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಮೇಶ್ವರಿಯವರು ಪತಿಗಿಂತ ಮೂರು ವರ್ಷ ಕಿರಿಯರು, 1908ರಲ್ಲಿ ಜನಿಸಿದವರು. ಮಕ್ಕಳಿಗಾಗಿ ಇಬ್ಬರೂ ಕೈಗೊಂಡ ಕಾರ್ಯದಲ್ಲಿ ಅವರದು ಸಮಪಾಲು. ಆದ್ದರಿಂದ ಒಬ್ಬರ ಜೀವನವನ್ನು ಹೇಳಹೊರಟರೆ ಇಬ್ಬರ ಜೀವನವನ್ನೂ ಹೇಳಿದಂತಾಗುತ್ತದೆ.

ಮದರಾಸಿನ ಬಾನುಲಿ ನಿಲಯ 1938ರ ಜೂನ್ ತಿಂಗಳಲ್ಲಿ ಪ್ರಾರಂಭವಾಯಿತು. ಅದರ ತೆಲುಗು ಪ್ರಸಾರದ ಮೊದಲ ವರ್ಷಗಳಲ್ಲೇ ಈ ದಂಪತಿಗಳು ಮಕ್ಕಳ ಕಾರ್ಯಕ್ರಮದ ಹೊಣೆ ಹೊತ್ತರು. ಬಾಲಾನಂದವೆಂಬುದು ಆ ಕಾರ್ಯಕ್ರಮದ ಹೆಸರು. ಆಗಿನ್ನೂ ರೇಡಿಯೊ ಹೊಸದು. ಪರವಾನಗಿ ಪಡೆದು, ಶುಲ್ಕ ತೆತ್ತು ಇಟ್ಟುಕೊಳ್ಳಬೇಕಾದ ಬೆಲೆಬಾಳುವ ಪೆಟ್ಟಿಗೆ. ಅದರಿಂದ ಹೊರಡುತ್ತಿದ್ದುದು ಬಹುಮಟ್ಟಿಗೆ ವಿದ್ವಾಂಸರ ಭಾಷಣ, ಸಂಗೀತಗಾರರ ಕಚೇರಿ, ಸರ್ಕಾರದ ವಾರ್ತೆ. ಅಂಥ ಗಂಭೀರ ಯಂತ್ರದೊಳಗಿಂದ ಮಕ್ಕಳ ದನಿ, ಮಕ್ಕಳದೇ ಮಾತಿನಲ್ಲಿ, ಕೇಳಿಬರತೊಡಗಿದ್ದು ಸಣ್ಣ ಸಂಗತಿಯಲ್ಲ. ದೊಡ್ಡವರು ಮಕ್ಕಳಿಗೆ ಬುದ್ಧಿ ಹೇಳುವ ಪದ್ಧತಿಯ ಬದಲು ಮಕ್ಕಳೇ ಹಾಡುವ, ಕಥೆ ಹೇಳುವ, ನಾಟಕವಾಡುವ ಪದ್ಧತಿಯನ್ನು ಅವರು ಬಳಕೆಗೆ ತಂದರು.

ಅವರಿಗೆ ಮಕ್ಕಳಿಂದ ಬಂದ ಹೆಸರನ್ನು ಇಲ್ಲಿ ಗಮನಿಸಬೇಕು. ನಮ್ಮ ಮನೆಗಳಲ್ಲಿ ತಂದೆ ಆಜ್ಞೆ ಮಾಡುವವನು, ಮೇಷ್ಟರು ಪರೀಕ್ಷಿಸುವವರು, ಅಜ್ಜ ಹರಸುವವನು. ಅಣ್ಣ ಮಾತ್ರ ಜೊತೆಗೆ ಆಡುವವನು, ಆಟದ ನಿಯಮವನ್ನು ಬಲ್ಲವನು, ಬಿದ್ದರೆ ಎತ್ತುವವನು. ಅಕ್ಕನ ಸ್ಥಾನವೂ ಅಂಥದೇ. ರಾಘವರಾವ್ ದಂಪತಿಗಳು ಮಕ್ಕಳೆದುರು ತಮಗಾಗಿ ಆರಿಸಿಕೊಂಡ ಸ್ಥಾನ ಇದು. ವಯಸ್ಸು ಎಪ್ಪತ್ತು ದಾಟಿದ ಮೇಲೂ ರಾಘವರಾಯರು ಅಣ್ಣಯ್ಯನಾಗಿಯೇ ಉಳಿದರು. ಹೆಣ್ಣುಮಕ್ಕಳನ್ನು ಹಾಡಲು, ಅಭಿನಯಿಸಲು ಹೊರಗೆ ಕಳಿಸುವುದಕ್ಕೆ ಮನೆಗಳು ಅಳುಕುತ್ತಿದ್ದ ಕಾಲದಲ್ಲಿ ಅಕ್ಕಯ್ಯನ ಇರವು ತಾಯಂದಿರಿಗೆ ಎಷ್ಟು ಧೈರ್ಯ ತಂದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಬಾನುಲಿಗೊಂದು ಮಿತಿಯುಂಟು. ನಿಲಯದ ಕೋಣೆಯೊಳಗೆ ಬಂದು ಹಾಡಬಲ್ಲ ಮಕ್ಕಳು ಬೆರಳೆಣಿಕೆಯವರು. ಉಳಿದವರೆಲ್ಲರೂ ಕೇಳುವವರು. ಕೇಳುವುದಷ್ಟೇ ಆದರೆ ಮಗು ಬಿಡುವಿನ ಹೊತ್ತಿನಲ್ಲೂ ಇನ್ನೊಂದು ತರಗತಿಯಲ್ಲಿ ಕುಳಿತಂತೆಯೇ. ಈ ಮಿತಿಯನ್ನು ದಾಟುವ ಮಾರ್ಗವಾಗಿ 1940ರಲ್ಲಿ ಮದರಾಸಿನಲ್ಲಿ ಆಂಧ್ರ ಬಾಲಾನಂದ ಸಂಘ ಹುಟ್ಟಿತು. ಬಾನುಲಿಯಲ್ಲಿ ಕೇಳಿದ್ದನ್ನು ಮಕ್ಕಳು ತಮ್ಮ ಊರಿನಲ್ಲಿ, ತಮ್ಮ ಬೀದಿಯಲ್ಲಿ ತಾವೇ ಮಾಡಿ ನೋಡಬೇಕೆಂಬುದು ಅದರ ಆಶಯ. ಈ ಮಾದರಿಯ ಬಾಲಾನಂದ ಸಂಘಗಳು ತೆಲುಗು ನಾಡಿನ ಹಲವು ಊರುಗಳಲ್ಲಿ ಹುಟ್ಟಿಕೊಂಡವು. ಅವುಗಳಿಗೆ ದೊಡ್ಡ ಕಟ್ಟಡ ಬೇಕಿರಲಿಲ್ಲ. ಒಂದು ಜಗಲಿ, ವಾರಕ್ಕೊಂದು ಸಂಜೆ, ಹಾಡು ಕಥೆಗಳಲ್ಲಿ ಆಸಕ್ತಿಯಿರುವ ಒಬ್ಬ ಹಿರಿಯರು ಇದ್ದರೆ ಸಾಕಾಗಿತ್ತು. ಬಾನುಲಿ ಮತ್ತು ಸಂಘಗಳ ಈ ಹೊಂದಾಣಿಕೆಯೇ ರಾಘವರಾಯರ ಕಾರ್ಯವಿಧಾನದ ತಿರುಳು. ಒಂದು ದೂರಕ್ಕೆ ತಲುಪುತ್ತಿತ್ತು, ಇನ್ನೊಂದು ಹತ್ತಿರಕ್ಕೆ ಕರೆಯುತ್ತಿತ್ತು.

ಇವೆರಡರ ನಡುವೆ ಮೂರನೆಯದೊಂದು ಸಾಧನ ಬೇಕೆನಿಸಿದಾಗ 1945ರಲ್ಲಿ ಬಾಲ ಎಂಬ ಮಕ್ಕಳ ಮಾಸಪತ್ರಿಕೆ ಹೊರಬಂದಿತು. ಅದು ಮಹಾಯುದ್ಧದ ಕೊನೆಯ ವರ್ಷ, ಕಾಗದದ ಅಭಾವ ಇನ್ನೂ ತೀರದ ಕಾಲ. ಮದರಾಸಿನಿಂದಲೇ ಹೊರಟು ಕೆಲವೇ ವರ್ಷಗಳಲ್ಲಿ ಕನ್ನಡದ ಮನೆಗಳನ್ನೂ ಸೇರಿದ ಚಂದಮಾಮ ಆರಂಭವಾದದ್ದು 1947ರಲ್ಲಿ. ಬಾಲ ಅದಕ್ಕಿಂತ ಎರಡು ವರ್ಷ ಹಿರಿಯದು. ಎರಡರ ಸ್ವಭಾವವೂ ಬೇರೆ. ಚಂದಮಾಮ ನುರಿತ ಲೇಖಕರೂ ಚಿತ್ರಕಾರರೂ ಮಕ್ಕಳಿಗಾಗಿ ಸಿದ್ಧಪಡಿಸಿದ ಪತ್ರಿಕೆ. ಬಾಲ ಮಕ್ಕಳ ಬರವಣಿಗೆಗೂ ಚಿತ್ರಗಳಿಗೂ ಬಾಗಿಲು ತೆರೆದ ಪತ್ರಿಕೆ. ಮುಂದೆ ತೆಲುಗಿನ ಶ್ರೇಷ್ಠ ಹಾಸ್ಯ ಲೇಖಕರೆನಿಸಿದ ಮುಳ್ಳಪೂಡಿ ವೆಂಕಟರಮಣ ಅವರ ಮೊದಲ ಕಥೆ ಪ್ರಕಟವಾದದ್ದು 1945ರಲ್ಲಿ, ಬಾಲದಲ್ಲಿಯೇ. 1931ರಲ್ಲಿ ಹುಟ್ಟಿದ ಅವರು ಆಗ ಹದಿನಾಲ್ಕರ ಆಸುಪಾಸಿನ ಬಾಲಕ. ಅವರ ಜೀವನದುದ್ದಕ್ಕೂ ಜೊತೆಗಾರರಾದ ಚಿತ್ರಕಾರ ಹಾಗೂ ಚಲನಚಿತ್ರ ನಿರ್ದೇಶಕ ಬಾಪು ಅವರ ಎಳವೆಯ ಚಿತ್ರಗಳಿಗೂ ಅದೇ ಪತ್ರಿಕೆ ನೆಲೆಯಾಯಿತು. ಪತ್ರಿಕೆ 1950ರ ದಶಕದಲ್ಲೂ ನಡೆದು ಆ ದಶಕದ ಕೊನೆಗೆ ನಿಂತಿತು. ಪತ್ರಿಕೆ ನಿಂತರೂ ಅದರಿಂದ ಕೈ ಪಳಗಿಸಿಕೊಂಡವರ ಬರವಣಿಗೆ, ರೇಖೆ ನಿಲ್ಲಲಿಲ್ಲ.

1953ರಲ್ಲಿ ಕರ್ನೂಲು ರಾಜಧಾನಿಯಾಗಿ ಆಂಧ್ರ ರಾಜ್ಯ ಬೇರ್ಪಟ್ಟಿತು. ಮದರಾಸು ನಗರ ತೆಲುಗರ ಕೈತಪ್ಪಿತು. 1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನದ ತೆಲುಗು ಜಿಲ್ಲೆಗಳು ಸೇರಿ ಆಂಧ್ರಪ್ರದೇಶವಾದಾಗ ಹೈದರಾಬಾದು ಅದರ ರಾಜಧಾನಿಯಾಯಿತು. ಅದೇ ದಿನ ರಾಯಚೂರು, ಕಲಬುರ್ಗಿ, ಬೀದರಗಳು ಮೈಸೂರು ರಾಜ್ಯವನ್ನು ಸೇರಿದವು. ಆ ವರ್ಷವೇ ರಾಘವರಾವ್ ದಂಪತಿಗಳು ತಮ್ಮ ಸಂಘದೊಡನೆ ಹೈದರಾಬಾದಿಗೆ ಬಂದರು. ನಿಜಾಮರ ಕಾಲದ ದಖ್ಖನ್ ರೇಡಿಯೊ 1950ರಲ್ಲಿ ಆಕಾಶವಾಣಿಯ ವಶಕ್ಕೆ ಬಂದಿತ್ತು. ಉರ್ದುವಿನೊಡನೆ ತೆಲುಗು, ಮರಾಠಿ, ಕನ್ನಡಗಳಿಗೂ ಅಷ್ಟಿಷ್ಟು ಎಡೆಗೊಟ್ಟಿದ್ದ ಆ ನಿಲಯದಲ್ಲಿ ಈಗ ಬಾಲಾನಂದದ ದನಿ ಮೊಳಗಿತು.

ಐವತ್ತು ದಾಟಿದ ವಯಸ್ಸಿನಲ್ಲಿ ಹೊಸ ಊರಿನಲ್ಲಿ ಮೊದಲಿನಿಂದ ಕಟ್ಟತೊಡಗುವುದು ಸುಲಭವಲ್ಲ. ಶಾಲೆಯಲ್ಲಿ ಉರ್ದು ಕಲಿತ ತಂದೆತಾಯಿಗಳ ಮಕ್ಕಳು ಒಂದು ಕಡೆ, ಕರಾವಳಿಯ ಜಿಲ್ಲೆಗಳಿಂದ ಕಚೇರಿಗಳ ಜೊತೆ ಬಂದ ಕುಟುಂಬಗಳ ಮಕ್ಕಳು ಇನ್ನೊಂದು ಕಡೆ. ಇಬ್ಬರ ತೆಲುಗೂ ಬೇರೆ, ಉಚ್ಚಾರಣೆಯೂ ಬೇರೆ. ದೊಡ್ಡವರ ನಡುವೆ ಈ ಭೇದ ಮುಂದೆ ರಾಜಕೀಯ ರೂಪ ತಾಳಿ, 2014ರಲ್ಲಿ ತೆಲಂಗಾಣ ರಾಜ್ಯ ಹುಟ್ಟುವವರೆಗೆ ಬೆಳೆಯಿತು. ಈ ಎರಡೂ ಬಗೆಯ ಮಕ್ಕಳು ಒಟ್ಟಾಗಿ ಕೂರುವ ಒಂದು ಜಾಗ ಇಂಥ ನಗರಕ್ಕೆ ಅಗತ್ಯವಾಗಿತ್ತು. ನಾರಾಯಣಗುಡದ ಬಾಲಾನಂದ ಸಂಘ ಅಂಥ ಜಾಗವಾಗಿ ನಿಂತಿತು. ಹಾಡು, ಕುಣಿತ, ನಾಟಕ, ಕಥೆ ಇವೇ ಅಲ್ಲಿಯ ಪಾಠ. ಆದರೆ ಶಾಲೆಯ ಅರ್ಥದಲ್ಲಿ ಅವು ಪಾಠಗಳಲ್ಲ. ಅಲ್ಲಿ ಉತ್ತೀರ್ಣ, ಅನುತ್ತೀರ್ಣವೆಂಬ ವಿಂಗಡಣೆಯಿರಲಿಲ್ಲ. ನಾಟಕಕ್ಕೆ ರಾಜನೂ ಬೇಕು, ದ್ವಾರಪಾಲಕನೂ ಬೇಕು. ಒಂದೇ ಸಾಲಿನ ಮಾತುಳ್ಳ ಮಗು ತಪ್ಪಿದರೂ ಆಟ ಕೆಡುತ್ತದೆ. ತರಗತಿಯ ಹಿಂದಿನ ಬೆಂಚಿನ ಮಗುವಿಗೆ ತಾನೂ ಬೇಕಾದವನೆಂಬ ಅರಿವು ಮೊದಲು ಮೂಡುವುದು ಇಂಥ ಕಡೆಗಳಲ್ಲಿಯೇ.

ಈ ಕಾರ್ಯ ಒಬ್ಬಂಟಿಯಾದುದೇನಲ್ಲ. ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು 1936ರಲ್ಲಿ ಬಾಲಪ್ರಪಂಚದ ಸಂಪುಟಗಳನ್ನು ಹೊರತಂದಿದ್ದರು; ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಹಾಡು ಕುಣಿತಗಳ ಪ್ರಯೋಗ ನಡೆಸಿದ್ದರು. ಸರಸ್ವತಿ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಆಂಧ್ರ ಬಾಲಾನಂದ ಸಂಘಕ್ಕಿಂತ ಎರಡು ವರ್ಷ ಮುಂಚೆ ಹುಟ್ಟಿದ ಆ ಕೂಟದ ಹೆಸರು ಬೆಂಗಳೂರಿನ ಒಂದು ವೃತ್ತಕ್ಕೂ ಉದ್ಯಾನಕ್ಕೂ ಅಂಟಿ ಉಳಿದಿದೆ. ಸ್ವಾತಂತ್ರ್ಯಾನಂತರ, 1956ರಲ್ಲಿ, ನೆಹರೂ ಅವರ ಆಸಕ್ತಿಯಿಂದ ದೆಹಲಿಯಲ್ಲಿ ಬಾಲಭವನ ಸ್ಥಾಪನೆಯಾಯಿತು; ಅನಂತರ ಹೈದರಾಬಾದು, ಬೆಂಗಳೂರುಗಳಲ್ಲೂ ಬಾಲಭವನಗಳು ತಲೆಯೆತ್ತಿದವು. ಸರ್ಕಾರ ಕೈಗೊಂಡ ಈ ಕೆಲಸವನ್ನು ರಾಘವರಾವ್, ಕಾರಂತ, ಕಲ್ಯಾಣಮ್ಮ ಇವರು ಸ್ವಂತ ಬಲದಿಂದ ಮೊದಲೇ ಮಾಡಿ ತೋರಿಸಿದ್ದರು. ಇವರು ಪರಸ್ಪರ ಭಿನ್ನ ಸ್ವಭಾವದವರು, ಭಿನ್ನ ಕ್ಷೇತ್ರದವರು. ಶಾಲೆ ಕೊಡಲಾಗದ್ದನ್ನು ಶಾಲೆಯ ಹೊರಗೆ ಕೊಡಬೇಕೆಂಬ ಒಂದು ವಿಚಾರದಲ್ಲಿ ಮಾತ್ರ ಸಮಾನಮನಸ್ಕರು.

ವಿಮರ್ಶೆಯ ದೃಷ್ಟಿಯಿಂದ ನೋಡುವಾಗ ಈ ಸಾಧನೆಯ ಕೊರತೆಗಳೂ ಕಾಣುತ್ತವೆ. ರೇಡಿಯೊ ಇದ್ದ ಮನೆಯ, ಅಕ್ಷರ ಬಲ್ಲ ತಂದೆತಾಯಿಗಳ ಮಕ್ಕಳಿಗೆ ಅದು ಮೊದಲು ದೊರಕಿತು. ಶಾಲೆ ಬಿಟ್ಟೊಡನೆ ಹೊಲಕ್ಕೋ ಅಂಗಡಿಗೋ ಹೋಗಬೇಕಾಗಿದ್ದ ಮಗುವಿಗೆ, ಶಾಲೆಯ ಮೆಟ್ಟಿಲನ್ನೇ ತುಳಿಯದ ಮಗುವಿಗೆ ಬಿಡುವಿನ ಹೊತ್ತೆಂಬುದೇ ಇರಲಿಲ್ಲ. ಇದು ಒಬ್ಬ ವ್ಯಕ್ತಿಯ ದೋಷಕ್ಕಿಂತ ಸಮಾಜದ ದೋಷ. ಆದರೂ ಮಕ್ಕಳ ಕಾರ್ಯವನ್ನು ಮುಂದುವರಿಸುವವರು ಮರೆಯಬಾರದ ಸಂಗತಿ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ, ಬಿಡುವು, ಆಟ ಹಾಗೂ ಕಲೆಗಳಲ್ಲಿ ಪಾಲ್ಗೊಳ್ಳುವುದನ್ನು ಪ್ರತಿಯೊಂದು ಮಗುವಿನ ಹಕ್ಕೆಂದು ಮನ್ನಿಸುತ್ತದೆ. ಭಾರತ 1992ರಲ್ಲಿ ಅದಕ್ಕೆ ಸಮ್ಮತಿಯಿತ್ತಿತು. ರಾಘವರಾಯರು ಪ್ರೀತಿಯಿಂದ ಮಾಡಿದ್ದು ಹೀಗೆ ಅವರ ಮರಣಾನಂತರ ಕರ್ತವ್ಯವೆನಿಸಿತು.

ಕಾಮೇಶ್ವರಿಯವರು 1980ರಲ್ಲಿ ತೀರಿಕೊಂಡರು. ರಾಘವರಾಯರು 1984ರ ಫೆಬ್ರವರಿ 24ರಂದು ನಿಧನರಾದರು. ಅವರು ಕಟ್ಟಿದ ಸಂಘ ಅವರೊಡನೆ ಮುಗಿಯದೆ ನಾರಾಯಣಗುಡದಲ್ಲಿ ಮುಂದುವರಿಯಿತು. ಬಾಲ್ಯದಲ್ಲಿ ಅಲ್ಲಿ ಆಡಿದವರು ಬೆಳೆದು ತಮ್ಮ ಮಕ್ಕಳ ಕೈಹಿಡಿದು ಅಲ್ಲಿಗೆ ಕರೆತರುವಂತಾದದ್ದೇ ಆ ದಂಪತಿಗಳಿಗೆ ಸಂದ ದೊಡ್ಡ ಗೌರವ.

ಇಂದು ಹೈದರಾಬಾದಿನ ಮಗುವಿಗೆ ತಾಯ್ನುಡಿಯನ್ನು ನಿರಾಕರಿಸುವ ರಾಜಶಾಸನವಿಲ್ಲ. ಆದರೆ ಶಾಲೆ ಬಿಟ್ಟ ಮೇಲಿನ ಹೊತ್ತು ಮತ್ತೆ ಮಗುವಿನ ಕೈತಪ್ಪಿದೆ. ಮನೆಪಾಠ, ಪ್ರವೇಶ ಪರೀಕ್ಷೆಗಳ ತರಬೇತಿ, ಕೈಯಲ್ಲಿನ ಪರದೆ ಇವುಗಳ ನಡುವೆ ಅದು ಹಂಚಿಹೋಗಿದೆ. ಸುಲ್ತಾನ್ ಬಜಾರಿನ ಆಸುಪಾಸಿನ ಕನ್ನಡ ಮನೆಗಳಲ್ಲಿ ಮಕ್ಕಳು ಅಡುಗೆಮನೆಯ ಕನ್ನಡವನ್ನು ಬಲ್ಲರು. ಆ ಕನ್ನಡದಲ್ಲಿ ನಾಲ್ಕು ಜನರೆದುರು ಒಂದು ಕಥೆ ಹೇಳುವ ಅವಕಾಶ ಅವರಿಗೆ ವಿರಳ. ಅದಕ್ಕೆ ಬೇಕಾದದ್ದು ಹೆಚ್ಚೇನಲ್ಲ: ಒಂದು ಜಗಲಿ, ವಾರಕ್ಕೊಂದು ಸಂಜೆ, ಅಣ್ಣನೋ ಅಕ್ಕನೋ ಆಗಲು ಒಪ್ಪುವ ಹಿರಿಯರೊಬ್ಬರು. 1940ರಲ್ಲಿ ರಾಘವರಾಯರೂ ಕಾಮೇಶ್ವರಿಯವರೂ ಆರಂಭಿಸಿದ್ದು ಇಷ್ಟರಿಂದಲೇ.