ಪ್ರಶ್ನೆ ಕೇಳಲು ಕಲಿಸಿದ ಮೇಷ್ಟ್ರು ಡಾ. ಎಚ್. ನರಸಿಂಹಯ್ಯ

 

ನಮ್ಮ ಮಧುಗಿರಿ ತಾಲ್ಲೂಕಿನ ಪಕ್ಕದಲ್ಲೇ ಗೌರಿಬಿದನೂರು ತಾಲ್ಲೂಕು ಇದೆ. ಅಲ್ಲಿನ ಹೊಸೂರು ಎಂಬ ಹಳ್ಳಿಯಲ್ಲಿ 1920ನೇ ಇಸವಿ ಜೂನ್ 6ರಂದು ಡಾ. ಎಚ್. ನರಸಿಂಹಯ್ಯನವರು ಜನಿಸಿದರು. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಮನೇಲಿ ತುಂಬಾ ಬಡತನ.

ಹೈಸ್ಕೂಲು ಓದಲು ಬೆಂಗಳೂರಿಗೆ ಹೋಗಬೇಕಾಯ್ತು. ಬಸ್ಸಿಗೆ ದುಡ್ಡಿಲ್ಲ. ಎರಡು ದಿನ ನಡೆದುಕೊಂಡೇ ಹೋದರು! ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. 1936ರಲ್ಲಿ ಗಾಂಧೀಜಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳುವ ಕೆಲಸ ಈ ಹಳ್ಳಿ ಹುಡುಗನಿಗೆ ಸಿಕ್ಕಿತು. ಅಷ್ಟು ಜನರ ಮುಂದೆ ನಿಂತು ಮಾತಾಡೋಕೆ ಎಷ್ಟು ಧೈರ್ಯ ಬೇಕು ಯೋಚನೆ ಮಾಡಿ.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಬಿಡುಗಡೆಯಾದ ಮೇಲೆ ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. 1960ರಲ್ಲಿ ಅಮೆರಿಕಾದಲ್ಲಿ ಡಾಕ್ಟರೇಟ್ ಪಡೆದು ಬಂದರು. ಆಮೇಲೆ ಪ್ರಿನ್ಸಿಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದರು. ಇಷ್ಟು ದೊಡ್ಡವರಾದರೂ ಖಾದಿ ಬಟ್ಟೆ ಬಿಡಲಿಲ್ಲ. ಮದುವೆಯಾಗಲಿಲ್ಲ. ಕಾಲೇಜಿನ ಹಾಸ್ಟೆಲ್ಲಿನ ಒಂದು ಕೊಠಡಿಯಲ್ಲೇ ಇದ್ದರು. ಗೌರಿಬಿದನೂರು, ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ನಡೆಯಲು ದುಡಿದರು.

ಅವರಿಗೆ ಸುಮ್ಮನೆ ತಲೆ ಆಡಿಸುವ ವಿದ್ಯಾರ್ಥಿಗಿಂತ ಯಾಕೆ, ಹೇಗೆ ಅಂತ ಕೇಳುವ ವಿದ್ಯಾರ್ಥಿ ಇಷ್ಟ. ಯಾರು ಹೇಳಿದರೂ ಪರೀಕ್ಷೆ ಮಾಡದೆ ನಂಬಬಾರದು ಎಂಬುದು ಅವರ ಪಾಠ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅಲ್ಲಿ ವಿಜ್ಞಾನಿಗಳ ಭಾಷಣ ಕೇಳಿ ಪ್ರಶ್ನೆ ಕೇಳಬಹುದು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಕೆಲವರು ಬೈದರೂ ಹೆದರಲಿಲ್ಲ. 1984ರಲ್ಲಿ ಪದ್ಮಭೂಷಣ ಬಂತು. 2005ರ ಜನವರಿ 31ರಂದು ತೀರಿಕೊಂಡರು.

ಗೆಳೆಯರೇ, ಹೋದ ಸಲ ಮಕ್ಕಳ ಗ್ರಾಮಸಭೆಯಲ್ಲಿ ಏನಾದರೂ ಕೇಳೋದಿದ್ದರೆ ಕೇಳಿ ಅಂದರು. ನಾವೆಲ್ಲಾ ತಲೆ ತಗ್ಗಿಸಿ ಕೂತ್ವಿ. ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ ಅಂತ ನನ್ನ ಬಾಯಿ ತನಕ ಬಂದಿತ್ತು. ಭಯಕ್ಕೆ ಹೇಳಲಿಲ್ಲ. ಇವತ್ತಿಗೂ ನಾವು ಬಿಂದಿಗೆಯಲ್ಲಿ ನೀರು ಹೊರ್ತಾ ಇದ್ದೀವಿ. ಕೇಳದೇ ಇದ್ದಿದ್ದು ನಮ್ಮದೂ ತಪ್ಪು.

ಅವರು ಎರಡು ದಿನ ನಡೆದರು. ನಾವು ಎದ್ದು ನಿಂತರೆ ಸಾಕು. ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು ಕೇಳ್ತೀನಿ. ನೀವೂ ನನ್ನ ಜೊತೆ ಎದ್ದು ನಿಲ್ಲಿ. ಗುರುಗಳು ನಮಗೆ ಧೈರ್ಯ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

— 7ನೇ ತರಗತಿ ವಿದ್ಯಾರ್ಥಿನಿ