ವ್ಯಾಯಾಮಾಚಾರ್ಯ ಶ್ರೀ ಕೆ.ವಿ. ಅಯ್ಯರ್‌ರವರ ಜೀವನ ಪರಿಚಯ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಅವಿಭಜಿತ ಕೋಲಾರ ಜಿಲ್ಲೆಯ ಭಾಗವಾಗಿದ್ದವು. ಭಾರತದಲ್ಲಿ ಆಧುನಿಕ ಅಂಗಸಾಧನೆಗೆ ಶಾಸ್ತ್ರೀಯ ರೂಪ ನೀಡಿದವರಲ್ಲಿ ಪ್ರಮುಖರಾದ ಕೋಲಾರದ ವೆಂಕಟೇಶ ಅಯ್ಯರ್‌ರವರು ಇದೇ ಹಳೆಯ ಜಿಲ್ಲೆಯವರು. ದೈಹಿಕ ಸಾಮರ್ಥ್ಯ ಪರೀಕ್ಷೆಯಿರುವ ಹುದ್ದೆಗಳಿಗೆ ಅಥವಾ ಕ್ರೀಡಾ ತರಬೇತಿಗೆ ಅರ್ಜಿ ಸಲ್ಲಿಸುವ ಯುವಜನರ ಅವಗಾಹನೆಗಾಗಿ ಅವರ ಜೀವನದ ಸಂಕ್ಷಿಪ್ತ ವಿವರವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಹಿನ್ನೆಲೆ

ಅಯ್ಯರ್‌ರವರು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ದೇವರಾಯಸಮುದ್ರ ಗ್ರಾಮದಲ್ಲಿ ಜನಿಸಿದರು. ಆ ಕಾಲದಲ್ಲಿ ದೇಹಬಲವೆಂದರೆ ಗರಡಿಮನೆಯ ಪೈಲ್ವಾನರಿಗೆ ಸಂಬಂಧಿಸಿದ ವಿಷಯವೆಂಬ ಭಾವನೆ ವ್ಯಾಪಕವಾಗಿತ್ತು. ಓದುವ ಹುಡುಗನಿಗೆ ಹಾಗೂ ಕಛೇರಿಯಲ್ಲಿ ಕುಳಿತು ಬರೆಯುವ ಗುಮಾಸ್ತನಿಗೆ ವ್ಯಾಯಾಮವು ಅನಗತ್ಯವೆಂದೇ ಬಹಳ ಮಂದಿ ತಿಳಿದಿದ್ದರು. ಈ ಭಾವನೆಯನ್ನು ಹೋಗಲಾಡಿಸುವುದೇ ಅಯ್ಯರ್‌ರವರ ಜೀವಿತದ ಕಾರ್ಯವಾಯಿತು.

ಹರ್ಕ್ಯುಲಿಸ್ ವ್ಯಾಯಾಮಶಾಲೆ

ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ಸ್ಥಾಪಿಸಿದರು. ಪಾಶ್ಚಾತ್ಯ ದೇಶಗಳಲ್ಲಿ ಯೂಜೆನ್ ಸ್ಯಾಂಡೋ ಮೊದಲಾದವರು ಪ್ರಚುರಪಡಿಸಿದ್ದ ಭಾರ ಎತ್ತುವ ಕ್ರಮವನ್ನು ಅವರು ಸ್ವೀಕರಿಸಿದರೂ, ನಮ್ಮ ನಾಡಿನ ಸೂರ್ಯನಮಸ್ಕಾರ ಮತ್ತು ಯೋಗಾಸನಗಳನ್ನು ಕೈಬಿಡಲಿಲ್ಲ. ಭಾರದಿಂದ ಸ್ನಾಯುಗಳು ಬಲಗೊಂಡರೆ, ಆಸನಗಳಿಂದ ಶರೀರದ ನಮ್ಯತೆ ಉಳಿಯುತ್ತದೆ. ಆದ್ದರಿಂದ ಎರಡೂ ಪರಸ್ಪರ ಪೂರಕವೆಂಬುದು ಅವರ ಪದ್ಧತಿಯ ತಿರುಳು. ಯೋಗಾಚಾರ್ಯ ಸುಂದರಂ ಅವರು ಈ ಕಾರ್ಯದಲ್ಲಿ ಅವರ ಜೊತೆಗಿದ್ದರು.

ಬೆಂಗಳೂರಿಗೆ ಬರಲಾಗದವರಿಗಾಗಿ ಅಯ್ಯರ್‌ರವರು ಅಂಚೆಯ ಮೂಲಕ ವ್ಯಾಯಾಮ ಪಾಠಗಳನ್ನು ಕಳುಹಿಸುವ ವ್ಯವಸ್ಥೆಯನ್ನು ಕಲ್ಪಿಸಿದರು. ಇದರಿಂದಾಗಿ ದೂರದ ಊರುಗಳ ಆಸಕ್ತರೂ ತಮ್ಮ ಮನೆಯಲ್ಲಿಯೇ ಅಭ್ಯಾಸ ಮಾಡಲು ಸಾಧ್ಯವಾಯಿತು. ಸ್ನಾಯು ಸಾಧನೆಯನ್ನು ಕುರಿತ ಅವರ ಆಂಗ್ಲ ಪುಸ್ತಕವು 1930ರಲ್ಲಿಯೂ, ಸೂರ್ಯನಮಸ್ಕಾರವನ್ನು ಕುರಿತ ಪುಸ್ತಕವು 1937ರಲ್ಲಿಯೂ ಪ್ರಕಟವಾದವು. ನಾಲ್ವಡಿ ಕೃಷ್ಣರಾಜ ಒಡೆಯರ್‌ರವರು ಅವರ ಕಾರ್ಯವನ್ನು ಮೆಚ್ಚಿ ಪ್ರೋತ್ಸಾಹ ನೀಡಿದರು.

ಸಾಹಿತ್ಯ ಸೇವೆ

ಕಬ್ಬಿಣದ ಭಾರವನ್ನೆತ್ತಿದ ಕೈಯೇ ಲೇಖನಿಯನ್ನೂ ಹಿಡಿಯಿತು. ಹೊಯ್ಸಳ ರಾಣಿಯ ಕಥೆಯುಳ್ಳ ಶಾಂತಲಾ ಹಾಗೂ ಇಟಲಿಯ ಕಲಾಲೋಕವನ್ನು ಚಿತ್ರಿಸುವ ರೂಪದರ್ಶಿ ಅವರ ಪ್ರಸಿದ್ಧ ಕಾದಂಬರಿಗಳು. ನಾಟಕಕಾರ ಟಿ.ಪಿ. ಕೈಲಾಸಂ ಅವರಿಗೆ ಅಯ್ಯರ್‌ರವರು ಆಪ್ತಮಿತ್ರರಾಗಿದ್ದು, ಅವರ ನೆನಪುಗಳನ್ನು ಗ್ರಂಥರೂಪದಲ್ಲಿ ಉಳಿಸಿಕೊಟ್ಟರು. ದೇಹಸಾಧನೆ ಮಾಡುವವರಿಗೆ ಬುದ್ಧಿಯ ಕೆಲಸ ಒಗ್ಗದೆಂಬ ಮಾತಿಗೆ ಅವರ ಜೀವನವೇ ಉತ್ತರವಾಗಿದೆ. ಅವರು 1980ರಲ್ಲಿ ನಿಧನರಾದರು.

ಯುವಜನರ ಗಮನಕ್ಕೆ

ನೇಮಕಾತಿಯ ಪ್ರಕಟಣೆ ಹೊರಬಿದ್ದ ನಂತರವೇ ಓಟದ ಅಭ್ಯಾಸವನ್ನು ಆರಂಭಿಸುವ ಅಭ್ಯರ್ಥಿಗಳು ಅನೇಕರಿದ್ದಾರೆ. ಲಿಖಿತ ಪರೀಕ್ಷೆಯಲ್ಲಿ ಉತ್ತಮ ಅಂಕ ಗಳಿಸಿಯೂ ಮೈದಾನದಲ್ಲಿ ಕೆಲವೇ ಸೆಕೆಂಡುಗಳ ಅಂತರದಿಂದ ಅವಕಾಶ ಕಳೆದುಕೊಳ್ಳುವ ಸಂಭವವಿರುತ್ತದೆ. ಹೃದಯ, ಶ್ವಾಸಕೋಶ ಮತ್ತು ಸ್ನಾಯುಗಳು ಶ್ರಮಕ್ಕೆ ಹೊಂದಿಕೊಳ್ಳಲು ವಾರಗಳು, ತಿಂಗಳುಗಳು ಬೇಕು. ಅವಸರದ ಅತಿಯಾದ ಅಭ್ಯಾಸದಿಂದ ಮೊಣಕಾಲು ಹಾಗೂ ಮೀನಖಂಡಗಳಿಗೆ ಪೆಟ್ಟಾಗುತ್ತದೆ. ಸೂರ್ಯನಮಸ್ಕಾರಕ್ಕೆ ಒಂದು ಚಾಪೆಯ ಜಾಗ ಸಾಕು. ಓಟಕ್ಕೆ ಕೆರೆಯ ಏರಿ, ಶಾಲೆಯ ಮೈದಾನವೂ ಆದೀತು. ಯಾವುದೇ ಕಾಯಿಲೆ ಇರುವವರು ವೈದ್ಯರ ಸಲಹೆ ಪಡೆದು ಆರಂಭಿಸುವುದು ಸೂಕ್ತ.

ಹಳ್ಳಿಯೊಂದರಲ್ಲಿ ಹುಟ್ಟಿ, ಅಂಚೆ ಪತ್ರದ ಮೂಲಕ ಅಪರಿಚಿತರಿಗೂ ಆರೋಗ್ಯದ ಪಾಠ ಹೇಳಿದ ಅಯ್ಯರ್‌ರವರ ಬದುಕಿನಿಂದ ತಿಳಿಯುವುದು ಇಷ್ಟೇ: ಅಭ್ಯಾಸವು ಅರ್ಜಿಗಿಂತ ಮುಂಚೆಯೇ ಆರಂಭವಾಗಬೇಕು, ಹುದ್ದೆ ದೊರೆತ ಮೇಲೆಯೂ ನಿಲ್ಲಬಾರದು.